ನಮ್ಮ ಮನೆಯ ರೀಡಿಂಗ್

ತಿಂಗಳ ಮೊದಲ ಹದಿನೈದು ದಿನ
ನಾನು ಊರಿನ ಗೋಡೆಗಳನ್ನು ಓದುತ್ತೇನೆ.
ಗೋಪಾಳದ ತಿರುವಿನಿಂದ ಹಿಡಿದು
ಆಲ್ಕೊಳದ ಕೊನೆಯ ಕಂಬದವರೆಗೆ
ದಿನಕ್ಕೆ ಇನ್ನೂರು ಬಾಗಿಲು.
"ಕರೆಂಟ್ ಬಿಲ್ಲೂ" ಎಂದು ಕೂಗಿದರೆ
ಮೊದಲು ನಾಯಿ, ಆಮೇಲೆ ಮನುಷ್ಯರು.

ಯಾರ ಮನೆಗೆ ಫ್ರಿಜ್ಜು ಬಂತು,
ಯಾರ ಮಗಳು ಬಾಣಂತನಕ್ಕೆ ಬಂದು
ಎರಡು ಹೊತ್ತೂ ಗೀಸರು ಉರಿಯುತ್ತಿದೆ,
ನನಗೆ ಯಾರೂ ಹೇಳಬೇಕಾಗಿಲ್ಲ.
ಸಿದ್ಲಿಂಗಪ್ಪ ಮೇಷ್ಟ್ರು ಮಾತ್ರ
ಮೀಟರಿನ ಮುಂದೆ ಕನ್ನಡಕ ಏರಿಸಿ ನಿಂತು
ನಾನು ಒತ್ತಿದ ಅಂಕಿಯನ್ನು ಹಳೇ ಡೈರಿಗೆ ಇಳಿಸಿಕೊಂಡು
"ಸರಿಯಿದೆ ಹಾಲೇಶಿ, ಹೋಗು" ಎನ್ನುತ್ತಾರೆ,
ಪಾಸು ಮಾಡಿದ ಹಾಗೆ.

ಸಂಬಳ ಹದಿನಾರು ಸಾವಿರದ ಇನ್ನೂರು.
ಮುರಿಯುವುದನ್ನೆಲ್ಲ ಮುರಿದು ಕೈಗೆ ಹದಿನಾಲ್ಕು ಚಿಲ್ಲರೆ;
ಯಾವ ತಾರೀಖಿಗೆ ಎಂಬುದು ಕಂಟ್ರಾಕ್ಟರ ಮರ್ಜಿ.
ಬಾಡಿಗೆ ಐದೂವರೆ. ಸಂಘದ ಕಂತು ವಾರಕ್ಕೆ ಆರುನೂರು.
ಇಪ್ಪತ್ತರ ಹೊತ್ತಿಗೆ
ಕಾಮತರ ಅಂಗಡಿಯ ಉದ್ದನೆ ಪುಸ್ತಕದಲ್ಲಿ
ನನ್ನ ಹೆಸರು ಇನ್ನೊಂದು ಪುಟಕ್ಕೆ ಹೊರಳುತ್ತದೆ.
ಕಷ್ಟ ಅಂತ ನಾನು ಯಾರ ಹತ್ತಿರವೂ ಹೇಳಿಲ್ಲ.
ಕಷ್ಟ ಬೇರೆ, ಸಾಲದಿರುವುದು ಬೇರೆ.
ಕಷ್ಟಕ್ಕೆ ಜನ ಬರುತ್ತಾರೆ, ಮಾತಾಡಿಸುತ್ತಾರೆ;
ಸಾಲದಿರುವುದಕ್ಕೆ ಬರೀ ಕ್ಯಾಲೆಂಡರು.

ಒಂಬತ್ತನೇ ದಿನ ನಮ್ಮ ಬೀದಿ.
ನಮ್ಮ ಬಾಗಿಲಲ್ಲೂ ಕೂಗುತ್ತೇನೆ, ರೂಢಿ.
"ನಾಳೆ ಬನ್ನಿ, ಯಜಮಾನ್ರು ಮನೇಲಿಲ್ಲ"
ಎನ್ನುತ್ತಾಳೆ ಒಳಗಿನಿಂದ ನಾಗವೇಣಿ.
ಎರಡು ವರ್ಷದಿಂದ ಅದೇ ತಮಾಷೆ,
ಎರಡು ವರ್ಷದಿಂದ ನಾನೂ ನಗುತ್ತೇನೆ,
ಒಂದು ಲೋಟ ನೀರು ಕುಡಿಯುತ್ತೇನೆ,
ಮೆಷಿನ್ನು ಸೊನ್ನೆ ಬಿಲ್ಲು ಉಗುಳುತ್ತದೆ.

ಈ ಸಲ ಉಗುಳಿದ್ದು ಅರವತ್ತೆರಡು ರೂಪಾಯಿ.

ತಪ್ಪು ಒತ್ತಿದೆನೇನೋ ಎಂದು
ಮೊಬೈಲಿನ ಬೆಳಕು ಬಿಟ್ಟು ಮತ್ತೆ ನೋಡಿದೆ.
ತಿಂಗಳು ತಿಂಗಳೂ ನಲವತ್ತೆರಡಕ್ಕೆ ನಿಲ್ಲುತ್ತಿದ್ದದ್ದು
ಈಗ ಐವತ್ತೈದು.
ಬೇರೆಯವರ ಮನೆಯಾಗಿದ್ದರೆ
ಚಪ್ಪಲಿ ಮೆಟ್ಟುವಷ್ಟರಲ್ಲಿ ಹೇಳಿಬಿಡುತ್ತಿದ್ದೆ.
ನಮ್ಮದರ ಮುಂದೆ
ಅಕ್ಷರ ಬಾರದವನ ಹಾಗೆ ನಿಂತೆ.

ಹದಿಮೂರು ಯೂನಿಟ್ಟು.
ಯುಗಾದಿಗೆ ಮುಂಚೆ, ಮಂಡಿ ನೋವೆಂದು
ಹೊಲಿಗೆ ಮೆಷಿನ್ನಿಗೆ ಮೋಟಾರು ಹಾಕಿಸಿದ್ದಳು.
ಒಂದು ಮೋಟಾರು, ಒಂದು ಟ್ಯೂಬ್‌ಲೈಟು,
ಲೆಕ್ಕ ಹಾಕಿದರೆ ದಿನಕ್ಕೆ ಮೂರು ಗಂಟೆ.
ಹಗಲಲ್ಲಿ ಆ ಮೂಲೆಗೆ ಲೈಟು ಬೇಡ.
ಹತ್ತೂವರೆಗೆ ಮಲಗಿದರೆ ನನಗೆ
ಲೋಕದ ಖಬರಿಲ್ಲ.

ಒಳಗೆ ಹೋದೆ.
ಮೆಷಿನ್ನಿನ ಕಾಲಿನಡಿ, ಸದ್ದಾಗದ ಹಾಗೆ,
ನಾಲ್ಕು ಮಡಿಕೆಯ ಗೋಣಿಚೀಲ.
ಪಕ್ಕದಲ್ಲಿ ಯಾವುದೋ ಶಾಲೆಯ ನೀಲಿ ಲಂಗಗಳ ರಾಶಿ,
ಇನ್ನೂ ಸೊಂಟದ ಪಟ್ಟಿ ಕೂರದೆ
ಬಾಯಿ ಬಿಟ್ಟುಕೊಂಡು ಬಿದ್ದಿದ್ದವು.

"ಅಲ್ಲ ಕಣ್ರೀ, ಕಟ್ಕೊಂಡ ಹೆಂಡ್ತಿಗೂ ಬಿಲ್ಲು ಹಾಕ್ತೀರಾ?"
"ನಾನಲ್ಲ, ಮೆಷಿನ್ನು ಹಾಕಿದ್ದು."
"ಯಾವ ಮೆಷಿನ್ನು?"
ಅಂದವಳು ನಾಲಿಗೆ ಕಚ್ಚಿಕೊಂಡಳು.

ಆಚೆಮನೆಯವರ ಕುಕ್ಕರು ಎರಡು ಸಲ ಕೂಗಿತು.

ಯಾತಕ್ಕೆ ಎಂದು ನಾನು ಕೇಳಲಿಲ್ಲ.
ಅವಳದೂ ಒಂದು ಲೆಕ್ಕವಿರಬಹುದು,
ಕಾಮತರ ಪುಸ್ತಕಕ್ಕೂ ನನ್ನ ಪುಸ್ತಕಕ್ಕೂ ಸೇರದ್ದು.
ಸಾಸಿವೆ ಡಬ್ಬಿಯಿಂದ ಅರವತ್ತೆರಡನ್ನು ಎಣಿಸಿ
ಚಿಲ್ಲರೆ ಸಮೇತ ಮುಂದಿಟ್ಟಳು.
"ನಾವು ದುಡ್ಡು ಇಸ್ಕೊಳ್ಳಲ್ಲ, ಆಫೀಸಲ್ಲಿ ಕಟ್ಟಿ"
ದಿನಕ್ಕೆ ಇನ್ನೂರು ಸಲ ಆಡುವ ಮಾತು
ಬಾಯಿಗೆ ಬಂತು, ಆಡಿಯೂಬಿಟ್ಟೆ.
ಇಬ್ಬರಿಗೂ ನಗು ಬಂತು,
ನನ್ನದು ಅರ್ಧಕ್ಕೇ ನಿಂತಿತು.

ಆ ರಾತ್ರಿ ಎಚ್ಚರವಿರಲು ನೋಡಿದೆ.
ಗೋಡೆಯಾಚೆ ಮೋಟಾರು ಶುರುವಾಯಿತು,
ಮುಚ್ಚಿದ ಮುಷ್ಟಿಯೊಳಗಿನ ಜೀರುಂಡೆಯಷ್ಟು ಸಣ್ಣಗೆ.
ಎದ್ದು ಹೋಗಿ ಕಾಜಾ ಕಟ್ಟಿಕೊಡಲೆ,
ಗುಂಡಿಯಾದರೂ ಹಚ್ಚಲೆ ಎಂದುಕೊಂಡೆ.
ಬೆಳಿಗ್ಗೆ ಬೊಮ್ಮನಕಟ್ಟೆಯ ಸರದಿ.
ಎರಡನೇ ಲಂಗದ ಹೊತ್ತಿಗೆ
ನಿದ್ದೆ ಬಂದುಬಿಟ್ಟಿತ್ತು.